ಅರವತ್ತರ ಕಣ್ಣು, ಎಂಬತ್ತರ ಕಾಲು

ಕಳೆದ ಬೇಸಿಗೆಯಲ್ಲಿ ಮೈಸೂರಿನ ಒಂದು ಸಿಗ್ನಲ್ ಬಳಿ ಗಡಿಯಾರ ನೋಡುತ್ತಾ ನಿಂತಿದ್ದೆ. ಪಕ್ಕದಲ್ಲಿ ನನ್ನ ಸೋದರಮಾವ, ವಯಸ್ಸು 79. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಔಷಧಿ ಚೀಟಿ ಇಟ್ಟುಕೊಂಡ ಬಟ್ಟೆಚೀಲ. ರಸ್ತೆಯ ಆಚೆ ಬದಿಗೆ ಅವರು ಮಾಮೂಲಾಗಿ ಹೋಗುವ ಔಷಧಿ ಅಂಗಡಿ. ಹಿಂದಿನ ರಾತ್ರಿ ವಾಹನಗಳೆಲ್ಲ ನಿಂತ ಮೇಲೆ ನಾನೇ ಟೇಪು ಹಿಡಿದು ಅಳೆದಿದ್ದೆ: ಈ ಅಂಚಿನಿಂದ ಆ ಅಂಚಿಗೆ 14 ಮೀಟರ್. ನಡೆದು ದಾಟುವವರಿಗೆ ಹಸಿರು ದೀಪ ಉರಿಯುವುದು 12 ಸೆಕೆಂಡ್. ಮಾವ ದಾಟುವುದಕ್ಕೆ ಹಿಡಿದದ್ದು 21 ಸೆಕೆಂಡ್. ಉಳಿದ ಒಂಬತ್ತು ಸೆಕೆಂಡ್ ಅವರು ಹೊರಟೇಬಿಟ್ಟ ಬೈಕು, ಆಟೊಗಳ ನಡುವೆ ನಡೆದರು. ನಾನು ಕೈ ಅಡ್ಡ ಹಿಡಿದುಕೊಂಡು ಜೊತೆಯಲ್ಲಿದ್ದೆ. ಉಳಿದ ದಿನ ಅವರ ಜೊತೆ ಯಾರೂ ಇರುವುದಿಲ್ಲ.

ಅಂಗಡಿಯ ಮುಂದೆ ನಿಂತು ಉಸಿರು ತೆಗೆದುಕೊಂಡು, "ಮೊದಲು ಈ ರಸ್ತೆ ಇಷ್ಟು ಅಗಲ ಇರಲಿಲ್ಲ ಕಣೋ" ಎಂದರು. ರಸ್ತೆಯ ಅಳತೆ ಅವರು ಬಂದಾಗಿನಿಂದಲೂ ಅದೇ ಇದೆ. ಹೆಜ್ಜೆ ಗಿಡ್ಡವಾಗಿದೆ.

ಮಾವ ಬೆಂಗಳೂರಿನಲ್ಲಿ ನಿವೃತ್ತರಾಗಿ, 61ನೇ ವಯಸ್ಸಿನಲ್ಲಿ ಮೈಸೂರಿಗೆ ಬಂದವರು. ಅಲ್ಲಿನ ಸಣ್ಣ ಮನೆ ಮಾರಿದ ದುಡ್ಡಿನಲ್ಲಿ ಇಲ್ಲಿ ಎರಡು ಅಂತಸ್ತಿನ ಮನೆಯೇ ಬಂತು. ಗಾಳಿ, ನೀರು ಚೆನ್ನ, ಗಲಾಟೆ ಕಡಿಮೆ. ಕೆಳಗಿನ ಮನೆಯನ್ನು ಬಾಡಿಗೆಗೆ ಕೊಟ್ಟು, ಗಾಳಿ ಬೆಳಕು ಬರುತ್ತದೆಂದು ತಾವು ಅತ್ತೆಯೊಂದಿಗೆ ಮೇಲಿನ ಮನೆಯಲ್ಲಿ ನಿಂತರು. ಹದಿನೆಂಟು ಮೆಟ್ಟಿಲು. ಆಗ ಸ್ಕೂಟರ್ ನಿಲ್ಲಿಸಿ, ತರಕಾರಿ ಚೀಲ ಹಿಡಿದು ಒಂದೇ ಉಸಿರಿಗೆ ಹತ್ತುತ್ತಿದ್ದರು. ಕಳೆದ ಬೇಸಿಗೆಯ ಹೊತ್ತಿಗೆ ನಡುವೆ ಎರಡು ಕಡೆ ನಿಲ್ಲುತ್ತಿದ್ದರು. ಹತ್ತಿ ಇಳಿಯುವ ಕಷ್ಟಕ್ಕೆ ಹೆದರಿ ವಾರಕ್ಕೆ ಎರಡೇ ಸಲ ಹೊರಗೆ ಬರುತ್ತಿದ್ದರು.

ಅವರು ಆರಿಸಿದ್ದು ಕೆಟ್ಟ ಊರೇನೂ ಅಲ್ಲ. ಆದರೆ ಆರಿಸಿದ್ದು ಅರವತ್ತರ ಕಣ್ಣು, ಬಾಳಬೇಕಾದದ್ದು ಎಂಬತ್ತರ ಕಾಲು. ಈಗ ನಿವೃತ್ತಿಯ ಹೊಸ್ತಿಲಲ್ಲಿರುವ ಲಕ್ಷಾಂತರ ಮಂದಿ ಇದೇ ಲೆಕ್ಕ ಹಾಕಿ ಊರು ಹುಡುಕುತ್ತಿದ್ದಾರೆ: ಸೈಟಿನ ಬೆಲೆ ಎಷ್ಟು, ಹವೆ ಹೇಗಿದೆ, ಬೆಂಗಳೂರಿಗೆ ಎಷ್ಟು ದೂರ. ಈ ಮೂರೇ ಪ್ರಶ್ನೆ ಕೇಳಿ ಮನೆ ಕೊಂಡವರಿಗೆ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಬರಲಿರುವ ಅಪಾಯಗಳೇನು ಎನ್ನುವುದಕ್ಕೆ ವೈದ್ಯವಿಜ್ಞಾನ, ಜನಸಂಖ್ಯಾ ವಿಜ್ಞಾನ ಮತ್ತು ಹವಾಮಾನ ವಿಜ್ಞಾನದ ಪುರಾವೆಗಳು ಈಗಾಗಲೇ ನಮ್ಮ ಮುಂದಿವೆ. ಅವನ್ನು ಓದಿದಷ್ಟೂ ನನ್ನ ಆತಂಕ ಹೆಚ್ಚುತ್ತಿದೆ.

ಎಣಿಕೆ ಹೇಳುವ ಮಾತು

ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯೂ ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯೂ ಸೇರಿ 2023ರಲ್ಲಿ ಭಾರತದ ವೃದ್ಧಾಪ್ಯದ ಬಗ್ಗೆ ಒಂದು ವರದಿ ಹೊರತಂದವು. ಅದರ ಪ್ರಕಾರ 2022ರಲ್ಲಿ ದೇಶದಲ್ಲಿ 60 ದಾಟಿದವರು 14.9 ಕೋಟಿ, ಅಂದರೆ ನೂರಕ್ಕೆ ಹತ್ತೂವರೆ. 2050ಕ್ಕೆ ಅವರು 34.7 ಕೋಟಿಯಾಗುತ್ತಾರೆ, ಐವರಲ್ಲಿ ಒಬ್ಬರು. ಇದಕ್ಕಿಂತ ಗಂಭೀರವಾದ ಅಂಕಿ ಇನ್ನೊಂದಿದೆ: ಅದೇ ಅವಧಿಯಲ್ಲಿ 80 ದಾಟಿದವರ ಸಂಖ್ಯೆ ಶೇ 279ರಷ್ಟು ಏರಲಿದೆ. ಇವತ್ತು ಒಬ್ಬ ಎಂಬತ್ತರ ಅಜ್ಜಿ ಇರುವ ಕಡೆ ನಾಳೆ ಹೆಚ್ಚುಕಡಿಮೆ ನಾಲ್ವರು ಇರುತ್ತಾರೆ.

ಅರವತ್ತು ಮುಟ್ಟಿದ ಭಾರತೀಯರು ಸರಾಸರಿ ಇನ್ನೂ 18.3 ವರ್ಷ ಬದುಕುತ್ತಾರೆ, ಗಂಡಸರು 17.5, ಹೆಂಗಸರು 19. ಸರಾಸರಿ ಎಂದ ಮೇಲೆ ಅದನ್ನು ದಾಟಿ ಬದುಕುವವರು ಬಹಳ ಮಂದಿ ಇದ್ದೇ ಇರುತ್ತಾರೆ. ಹಾಗಾಗಿ ನಿವೃತ್ತಿಯ ಊರನ್ನು ಇಪ್ಪತ್ತೈದು ವರ್ಷದ ಲೆಕ್ಕದಲ್ಲಿ ನೋಡಬೇಕು. ಇದರಲ್ಲಿ ನಾವು ಮನೆಗಳಲ್ಲಿ ಬಾಯಿಬಿಟ್ಟು ಆಡದ ಮಾತೊಂದಿದೆ. ಹೆಂಡತಿ ಸಾಮಾನ್ಯವಾಗಿ ಗಂಡನಿಗಿಂತ ಕೆಲವು ವರ್ಷ ಚಿಕ್ಕವಳು, ಬದುಕುವುದೂ ಹೆಚ್ಚು. ಊರು ಆರಿಸುವವನು ಬಹಳಷ್ಟು ಮನೆಗಳಲ್ಲಿ ಗಂಡ. ಕೊನೆಯ ಐದಾರು ವರ್ಷ ಅಲ್ಲಿ ಒಬ್ಬಳೇ ಉಳಿಯುವವಳು ಹೆಂಡತಿ. ಅವಳಿಗೆ ಸ್ಕೂಟರ್ ಬಾರದಿರಬಹುದು, ಬ್ಯಾಂಕಿನ ವ್ಯವಹಾರ ಗೊತ್ತಿಲ್ಲದಿರಬಹುದು. ಅವಳ ಗುರುತಿನವರೆಲ್ಲ ಹಳೆಯ ಬೀದಿಯಲ್ಲೇ ಉಳಿದಿರುತ್ತಾರೆ.

2017–18ರಲ್ಲಿ ದೇಶದ 45 ದಾಟಿದ 72,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ ರಾಷ್ಟ್ರೀಯ ಅಧ್ಯಯನವೊಂದರಲ್ಲಿ, ಹಿರಿಯರ ಪೈಕಿ ನಾಲ್ವರಲ್ಲಿ ಮೂವರಿಗೆ ಒಂದಾದರೂ ದೀರ್ಘಕಾಲದ ಕಾಯಿಲೆಯಿತ್ತು. ನೂರಕ್ಕೆ ನಲವತ್ತು ಮಂದಿಗೆ ಒಂದಲ್ಲ ಒಂದು ಅಂಗದ ತೊಂದರೆಯಿತ್ತು. ಇದೇ ಅಧ್ಯಯನದ ಮುಂದುವರಿಕೆ 60 ದಾಟಿದ ಭಾರತೀಯರಲ್ಲಿ ಸುಮಾರು 88 ಲಕ್ಷ ಮಂದಿಗೆ ಮರೆವಿನ ಕಾಯಿಲೆ ಇದೆಯೆಂದು 2023ರಲ್ಲಿ ಅಂದಾಜು ಮಾಡಿತು. ಮನೆ ನೋಡಲು ಬರುವ ಅರವತ್ತರ ಗಟ್ಟಿಮುಟ್ಟಾದ ದಂಪತಿಗೆ ಈ ಅಂಕಿಗಳು ಯಾರದೋ ಕಥೆ ಅನಿಸುತ್ತವೆ. ಹದಿನೈದು ವರ್ಷ ಕಳೆದರೆ ಅವು ಅವರ ಕಥೆಯೇ ಆಗಬಹುದು.

ಹೆಜ್ಜೆಯ ವೇಗ

ಸಿಗ್ನಲ್‌ನ ಹಸಿರು ದೀಪ ಎಷ್ಟು ಹೊತ್ತು ಉರಿಯಬೇಕೆಂದು ಎಂಜಿನಿಯರುಗಳು ಲೆಕ್ಕ ಹಾಕುವಾಗ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಎಂದು ಹಿಡಿಯುವುದು ಹಲವು ದೇಶಗಳ ರೂಢಿ. ನಮ್ಮಲ್ಲೂ ಬಳಕೆಯಲ್ಲಿರುವುದು ಅದೇ ಅಳತೆ. ಮಾವನ ಸಿಗ್ನಲ್‌ನ 14 ಮೀಟರ್, 12 ಸೆಕೆಂಡ್ ಲೆಕ್ಕವೂ ಇದಕ್ಕೆ ಸರಿಹೊಂದುತ್ತದೆ. ಆದರೆ ಇಂಗ್ಲೆಂಡಿನಲ್ಲಿ 65 ದಾಟಿದವರ ನಡಿಗೆಯನ್ನು ಅಳೆದು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡಸರ ಸರಾಸರಿ ವೇಗ 0.9 ಮೀಟರ್, ಹೆಂಗಸರದು 0.8. ಗಂಡಸರಲ್ಲಿ ಶೇ 76, ಹೆಂಗಸರಲ್ಲಿ ಶೇ 85 ಮಂದಿಗೆ ಆ 1.2 ಮೀಟರಿನ ವೇಗ ಮುಟ್ಟಲಾಗಲಿಲ್ಲ. ಮಾವನ ವೇಗ 0.67. ಅವರ ನಡಿಗೆಯಲ್ಲಿ ವಿಶೇಷವಾದ ಕೊರತೆ ಏನೂ ಇಲ್ಲ, ಎಂಬತ್ತರ ಹತ್ತಿರದ ಕಾಲು ನಡೆಯುವುದೇ ಹಾಗೆ. ಆ ದೀಪದ ಲೆಕ್ಕದಲ್ಲಿ ಅಂಥ ಕಾಲುಗಳಿಗೆ ಜಾಗವೇ ಇಲ್ಲ.

ಕಾಲಿನ ಜೊತೆ ಕಣ್ಣು ಕಿವಿಯೂ ಇಳಿಯುತ್ತವೆ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರಲ್ಲಿ ಕಣ್ಣಿನ ಒಳಪರದೆಗೆ ಮುಟ್ಟುತ್ತಿದ್ದ ಬೆಳಕಿನ ಸುಮಾರು ಮೂರನೇ ಒಂದು ಪಾಲು ಮಾತ್ರ ಅರವತ್ತರಲ್ಲಿ ಮುಟ್ಟುತ್ತದೆ. ಬೀದಿದೀಪ ಕೆಟ್ಟ ಸಂಜೆ ಮಗನಿಗೆ ಕಾಣುವ ಚರಂಡಿಯ ಸಂದು ಅಪ್ಪನಿಗೆ ಕಾಣುವುದಿಲ್ಲ. ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸ್ವರಗಳನ್ನು. ಸದ್ದೇ ಮಾಡದೆ ಹಿಂದಿನಿಂದ ಬರುವ ಎಲೆಕ್ಟ್ರಿಕ್ ಸ್ಕೂಟರ್ ಪಕ್ಕಕ್ಕೆ ಬಂದಾಗಲೇ ತಿಳಿಯುತ್ತದೆ. 2022ರಲ್ಲಿ ನಮ್ಮ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಕಾಲ್ನಡಿಗೆಯವರು. ನಡೆಯುವವರಿಗೆ ಇಷ್ಟು ಅಪಾಯಕಾರಿಯಾದ ರಸ್ತೆಗಳಿಗೆ ನಾಳೆ ಇಳಿಯುವವರಲ್ಲಿ ವಯಸ್ಸಾದವರೇ ಹೆಚ್ಚುತ್ತಾ ಹೋಗುತ್ತಾರೆ.

ಒಂದು ಸಲ ಬಿದ್ದರೆ

65 ದಾಟಿದ ಪ್ರತಿ ಮೂವರಲ್ಲಿ ಸುಮಾರು ಒಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ. ಜಗತ್ತಿನಲ್ಲಿ ಬಿದ್ದು ಸಾಯುವವರು ವರ್ಷಕ್ಕೆ ಸುಮಾರು 6,84,000 ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ನಮ್ಮಂಥ ಕಡಿಮೆ ಮತ್ತು ಮಧ್ಯಮ ಆದಾಯದ ದೇಶದವರು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುವುದರಿಂದ ಸಣ್ಣ ಬೀಳುವಿಕೆಗೂ ಸೊಂಟದ ಬಳಿಯ ತೊಡೆಮೂಳೆ ಮುರಿಯುತ್ತದೆ. ಹಾಗೆ ಮುರಿದುಕೊಂಡ ಹಿರಿಯರಲ್ಲಿ ಸುಮಾರು ಐದನೇ ಒಂದು ಭಾಗದಿಂದ ಮೂರನೇ ಒಂದು ಭಾಗದವರೆಗೆ ವರ್ಷದೊಳಗೇ ತೀರಿಕೊಳ್ಳುತ್ತಾರೆಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ.

ಬೀಳುವುದಕ್ಕೂ ಮುಂಚೆ ಕಣ್ಣಿಗೆ ಕಾಣದ ಇನ್ನೊಂದು ಕೆಡುಕು ನಡೆದಿರುತ್ತದೆ. 2007ರಲ್ಲಿ ಅಮೆರಿಕದ ಸಂಶೋಧಕರು ಸರಾಸರಿ 67 ವಯಸ್ಸಿನ ಆರೋಗ್ಯವಂತರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದರು. ಆ ಹತ್ತು ದಿನದಲ್ಲಿ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಇದನ್ನು ನಮ್ಮ ಬಡಾವಣೆಗಳಿಗೆ ಹೊಂದಿಸಿ ನೋಡಿ. ಫುಟ್‌ಪಾತ್ ಮೇಲೆ ಬೈಕು ನಿಂತಿರುತ್ತದೆ, ಚರಂಡಿಯ ಮೇಲಿನ ಚಪ್ಪಡಿ ಒಂದು ಕಡೆ ಎದ್ದಿರುತ್ತದೆ, ಪ್ರತಿ ಗೇಟಿನ ಮುಂದೆಯೂ ಕಾರು ಹತ್ತಿಸಲು ಮಾಡಿದ ಇಳಿಜಾರು. ಅಜ್ಜಿ ಒಂದು ಸಲ ಎಡವುತ್ತಾಳೆ, ಬೀಳುವುದಿಲ್ಲ. ಆದರೆ ಮರುದಿನದಿಂದ ದೇವಸ್ಥಾನಕ್ಕೆ ಹೋಗುವುದನ್ನು ಬಿಡುತ್ತಾಳೆ. ನಡೆಯದ ಕಾಲು ಸೊರಗುತ್ತದೆ. ಸೊರಗಿದ ಕಾಲು ಆರು ತಿಂಗಳ ಮೇಲೆ ಬಚ್ಚಲಮನೆಯಲ್ಲಿ ಜಾರುತ್ತದೆ. ಆಸ್ಪತ್ರೆಯ ದಾಖಲೆಯಲ್ಲಿ "ಬಚ್ಚಲಿನಲ್ಲಿ ಬಿದ್ದರು" ಎಂದಷ್ಟೇ ಬರೆಯುತ್ತಾರೆ. ಆ ಬೀಳುವಿಕೆ ಶುರುವಾದದ್ದು ಬೀದಿಯ ಚಪ್ಪಡಿಯಿಂದ ಎಂಬ ಮಾತು ಯಾವ ದಾಖಲೆಗೂ ಸೇರುವುದಿಲ್ಲ.

ಭಾರತೀಯ ರಸ್ತೆ ಕಾಂಗ್ರೆಸ್ 2012ರ ತನ್ನ ಮಾರ್ಗಸೂಚಿಯಲ್ಲಿ ಫುಟ್‌ಪಾತ್ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಇರಬೇಕು, ಅದರ ಅಂಚು 150 ಮಿಲಿಮೀಟರಿಗಿಂತ ಎತ್ತರ ಇರಬಾರದು ಎಂದಿದೆ. ನಿಮ್ಮ ಬೀದಿಯಲ್ಲಿ ಒಂದು ಟೇಪು ಹಿಡಿದು ನೋಡಿ. ಅಂಚು ಒಂದು ಗೇಣನ್ನು ಮೀರುವ ಜಾಗಗಳನ್ನು ನಾನು ಎಣಿಸಿ ದಣಿದಿದ್ದೇನೆ.

ಬಿಸಿಲು ಬದಲಾಗಿದೆ

ಬೆಂಗಳೂರು, ಮೈಸೂರು ಎರಡಕ್ಕೂ ನಿವೃತ್ತರನ್ನು ಕರೆದು ತಂದದ್ದು ಅಲ್ಲಿಯ ತಂಪು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ ಉಷ್ಣಾಂಶ 39.2 ಡಿಗ್ರಿ ಮುಟ್ಟಿತು. 2024ರ ಏಪ್ರಿಲ್‌ನಲ್ಲಿ ಮತ್ತೆ 38 ದಾಟಿತು. ಎತ್ತರದ ಊರು ಎಂಬ ಭರವಸೆಯ ಮೇಲೆ ಇನ್ನು ಕಣ್ಣು ಮುಚ್ಚಿ ಕೂರುವಂತಿಲ್ಲ.

ವಯಸ್ಸಾದ ಮೈ ಸೆಕೆಯನ್ನು ಹೊರಹಾಕುವುದರಲ್ಲಿ ಹಿಂದೆ ಬೀಳುತ್ತದೆ. ಬೆವರು ಕಡಿಮೆ, ಚರ್ಮಕ್ಕೆ ರಕ್ತ ಹರಿಸುವ ಹೃದಯದ ಶಕ್ತಿ ಕಡಿಮೆ. ಎಲ್ಲಕ್ಕಿಂತ ಅಪಾಯಕಾರಿ ಎಂದರೆ ಬಾಯಾರಿಕೆಯೇ ತಿಳಿಯುವುದಿಲ್ಲ. ರಕ್ತದೊತ್ತಡಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳು ಮೈಯ ನೀರನ್ನು ಇನ್ನಷ್ಟು ಇಳಿಸುತ್ತವೆ. ಇದಕ್ಕೆ ನಮ್ಮ ಮನೆಗಳ ಕಟ್ಟಡವೂ ಸೇರಿಕೊಳ್ಳುತ್ತದೆ. ಹಳೆಯ ಹೆಂಚಿನ ಮನೆ ರಾತ್ರಿ ಆರುತ್ತಿತ್ತು. ಆರ್‌ಸಿಸಿ ತಾರಸಿ ಹಗಲೆಲ್ಲ ಹೀರಿದ ಬಿಸಿಯನ್ನು ರಾತ್ರಿ ಕೆಳಗೆ ಮಲಗಿದವರ ಮೇಲೆ ಬಿಡುತ್ತದೆ. ಮೇಲಿನ ಅಂತಸ್ತಿನಲ್ಲಿ ಮಲಗುವ, ಆಗಿನ ನನ್ನ ಮಾವನಂಥವರಿಗೆ ಮೈ ತಣಿಯುವ ರಾತ್ರಿಯೇ ಸಿಗುವುದಿಲ್ಲ.

ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ, ಸಾಮಾನ್ಯವಾಗಿ ಆಗುವುದಕ್ಕಿಂತ 1,344 ಸಾವು ಹೆಚ್ಚಾದವು. ಆ ನಗರ ಕೈಕಟ್ಟಿ ಕೂರಲಿಲ್ಲ. 2013ರಲ್ಲಿ ಬಿಸಿಲಿನ ಮುನ್ನೆಚ್ಚರಿಕೆ ಯೋಜನೆ ಮಾಡಿತು: ಎಚ್ಚರಿಕೆಯ ಸಂದೇಶ, ಕುಡಿಯುವ ನೀರು, ನೆರಳು, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ. ಆಮೇಲೆ ನಡೆದ ಅಧ್ಯಯನ ಈ ಯೋಜನೆಯಿಂದ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಜೀವ ಉಳಿದಿವೆ ಎಂದು ಅಂದಾಜಿಸಿತು. ಅಹಮದಾಬಾದಿಗೆ ಬಿಸಿಲಿನ ಅಭ್ಯಾಸವಿತ್ತು. ಅಷ್ಟಾದರೂ ಪೆಟ್ಟು ತಿಂದ ಮೇಲೆಯೇ ಎಚ್ಚೆತ್ತಿತು. ತಂಪಿನ ಅಭ್ಯಾಸವಿರುವ ನಮ್ಮ ಊರುಗಳು ಪೆಟ್ಟಿಗೆ ಕಾಯಬಾರದು.

ಆಸ್ಪತ್ರೆಗೆ ಎಷ್ಟು ನಿಮಿಷ

ಮೈಸೂರಿನ ಸುತ್ತ ಸುಮಾರು 42 ಕಿಲೋಮೀಟರ್ ಉದ್ದದ ರಿಂಗ್ ರೋಡ್ ಇದೆ. ಅದರಾಚೆಗೆ ಲೇಔಟಿನ ಮೇಲೆ ಲೇಔಟು. 2023ರ ಮಾರ್ಚ್‌ನಲ್ಲಿ ಬೆಂಗಳೂರಿನ ಹೆದ್ದಾರಿ ಉದ್ಘಾಟನೆಯಾದ ಮೇಲೆ ವಾರಕ್ಕೊಮ್ಮೆ ಬಂದು ಸೈಟು ನೋಡುವುದು ಇನ್ನೂ ಸುಲಭವಾಗಿದೆ. ಗ್ರಾಚ್ಯುಟಿ, ಪಿ.ಎಫ್. ದುಡ್ಡು ಕೈಗೆ ಬಂದವರಿಗೆ ಅಲ್ಲಿನ ಬೆಲೆ ಎಟಕುತ್ತದೆ. ಬೆಲೆ ಕಡಿಮೆ ಇರುವುದಕ್ಕೂ ಕಾರಣವಿದೆ: ಬಸ್ಸು ಅಪರೂಪ, ಒಳಚರಂಡಿ ಅರ್ಧ, ಅಕ್ಕಪಕ್ಕ ಖಾಲಿ ಸೈಟು, ಆಸ್ಪತ್ರೆ ದೂರ.

ಮೆದುಳಿಗೆ ಹೋಗುವ ದೊಡ್ಡ ರಕ್ತನಾಳ ಕಟ್ಟಿಕೊಂಡರೆ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಲೆಕ್ಕ ವೈದ್ಯಲೋಕಕ್ಕೆ 2006ರಿಂದ ಗೊತ್ತು. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ, ಒಳಗೆ ರಕ್ತಸ್ರಾವವಿಲ್ಲ ಎಂದು ಖಾತರಿ ಮಾಡಿಕೊಳ್ಳಬೇಕು. ಬೆಳಗಿನ ಜಾವ ಮೂರು ಗಂಟೆಗೆ ಬಾಯಿ ಸೊಟ್ಟಗಾದ ಗಂಡನನ್ನು ಕಂಡು, 70ರ ಹೆಂಡತಿ ಯಾರಿಗೆ ಫೋನ್ ಮಾಡಬೇಕು, ವಾಹನ ಎಷ್ಟು ನಿಮಿಷಕ್ಕೆ ಬರುತ್ತದೆ, ಆ ಹೊತ್ತಿನಲ್ಲಿ ಸ್ಕ್ಯಾನ್ ಮಾಡುವ ಆಸ್ಪತ್ರೆ ಯಾವುದು? ಮನೆ ಕೊಳ್ಳುವ ಮೊದಲು ಈ ಮೂರಕ್ಕೆ ಉತ್ತರ ಬರೆದಿಟ್ಟುಕೊಂಡವರನ್ನು ನಾನು ಕಂಡಿಲ್ಲ.

ಮೈಸೂರು ಈ ವಿಷಯದಲ್ಲಿ ಬಡ ಊರಲ್ಲ. ಕೃಷ್ಣರಾಜೇಂದ್ರ ಆಸ್ಪತ್ರೆ ಇದೆ, ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಇದೆ, ಕಿವಿ ಮತ್ತು ಮಾತಿನ ತೊಂದರೆಗೆಂದೇ 1960ರ ದಶಕದಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮರೆವಿನ ಕಾಯಿಲೆ ಕುರಿತ ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ತಡೆಯಬಹುದಾದ 14 ಅಪಾಯಗಳಲ್ಲಿ ಕಿವುಡುತನ ಮುಖ್ಯವಾದದ್ದು. ಹಾಗಾಗಿ ಈ ಸಂಸ್ಥೆ ಹಿರಿಯರ ಪಾಲಿಗೆ ದೊಡ್ಡ ಆಸ್ತಿ. ಆದರೆ ಇವೆಲ್ಲ ಊರಿನ ಒಳಗಿವೆ. ಅಗ್ಗದ ಸೈಟು ಊರಿನ ಹೊರಗಿದೆ.

ಇವತ್ತಿನ ಅಗ್ಗ, ನಾಳೆಯ ಲೆಕ್ಕ

ಖರ್ಚಿನ ಲೆಕ್ಕವನ್ನು ನಾವು ನಿವೃತ್ತಿಯಾದ ತಿಂಗಳಿಗೆ ಮಾತ್ರ ಹಾಕುತ್ತೇವೆ. ಬೆಲೆಯೇರಿಕೆ ವರ್ಷಕ್ಕೆ ಶೇ 6 ಎಂದು ಹಿಡಿದರೆ ದುಡ್ಡಿನ ಬೆಲೆ ಹನ್ನೆರಡು ವರ್ಷಕ್ಕೆ ಅರ್ಧವಾಗುತ್ತದೆ. ಇವತ್ತು ತಿಂಗಳಿಗೆ 40,000 ರೂಪಾಯಿಯಲ್ಲಿ ನಡೆಯುವ ಸಂಸಾರಕ್ಕೆ ಹದಿನೆಂಟು ವರ್ಷದ ಮೇಲೆ ಸುಮಾರು 1,14,000 ಬೇಕು. ಸರ್ಕಾರಿ ಪಿಂಚಣಿದಾರರಿಗೆ ತುಟ್ಟಿಭತ್ಯೆಯ ಆಸರೆಯಿದೆ. ಕಾರ್ಖಾನೆ, ಖಾಸಗಿ ಕಂಪನಿಗಳಲ್ಲಿ ದುಡಿದವರ 1995ರ ಪಿಂಚಣಿ ಯೋಜನೆಗೆ ಆ ಆಸರೆ ಇಲ್ಲ. ಅದರ ಕನಿಷ್ಠ ಪಿಂಚಣಿಯನ್ನು 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿ ಮಾಡಲಾಯಿತು. 2023ರ ವೃದ್ಧಾಪ್ಯ ವರದಿಯ ಪ್ರಕಾರ ದೇಶದ ಹಿರಿಯರಲ್ಲಿ ಶೇ 40ಕ್ಕೂ ಹೆಚ್ಚು ಮಂದಿ ಅತಿ ಬಡ ವರ್ಗದಲ್ಲಿದ್ದಾರೆ; ಶೇ 18.7 ಮಂದಿಗೆ ಯಾವ ಆದಾಯವೂ ಇಲ್ಲ.

ಇದರ ಜೊತೆಗೆ ಊರೂ ಬದಲಾಗುತ್ತದೆ. ಪಿಂಚಣಿದಾರರ ಸ್ವರ್ಗ ಎಂಬ ಹೆಸರು ಒಂದು ಕಾಲಕ್ಕೆ ಬೆಂಗಳೂರಿನದೇ ಆಗಿತ್ತು. 1951ರಲ್ಲಿ ಅದರ ಜನಸಂಖ್ಯೆ ಎಂಟು ಲಕ್ಷ ಮುಟ್ಟಿರಲಿಲ್ಲ; 2011ರಲ್ಲಿ 84 ಲಕ್ಷ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದಲ್ಲಿ ಮನೆ ಕಟ್ಟಿ, ಸಂಜೆ ನೆಮ್ಮದಿಯಾಗಿ ತಿರುಗಾಡುತ್ತಿದ್ದ ತಲೆಮಾರು ವಯಸ್ಸಾಗುವ ಹೊತ್ತಿಗೆ ರಸ್ತೆ ದಾಟುವುದಕ್ಕೇ ಹೆದರುವಂತಾಯಿತು. 2024ರ ಬೇಸಿಗೆಯಲ್ಲಿ ನಗರದ ಕೊಳವೆಬಾವಿಗಳಲ್ಲಿ ಸುಮಾರು ಅರ್ಧ ಬತ್ತಿವೆ ಎಂದು ಸರ್ಕಾರವೇ ಹೇಳಿತು; ಟ್ಯಾಂಕರ್ ನೀರಿಗೆ ಕಾದವರಲ್ಲಿ ಒಂಟಿ ಹಿರಿಯರೂ ಇದ್ದರು. ನೆಮ್ಮದಿಯ ಊರೆಂದು ಎಲ್ಲರೂ ಒಂದೇ ಕಡೆಗೆ ಹೊರಟರೆ ಆ ನೆಮ್ಮದಿ ಕರಗುತ್ತದೆ. ಬೆಂಗಳೂರಿಗೆ ಆದದ್ದು ಮೈಸೂರಿಗೂ ಧಾರವಾಡಕ್ಕೂ ಮಂಗಳೂರಿಗೂ ಆಗದು ಎನ್ನುವುದಕ್ಕೆ ಆಧಾರವಿಲ್ಲ.

ಬಾಗಿಲು ತಟ್ಟುವವರು

1995ರ ಜುಲೈನಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿ ಬಿಸಿಗಾಳಿ ಬೀಸಿ, ಕೆಲವೇ ದಿನಗಳಲ್ಲಿ 700ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಬಹುಪಾಲು ವಯಸ್ಸಾದವರು, ಹಲವರು ಒಂಟಿಯಾಗಿದ್ದವರು. ಸಮಾಜವಿಜ್ಞಾನಿ ಎರಿಕ್ ಕ್ಲಿನೆನ್‌ಬರ್ಗ್ ಅಕ್ಕಪಕ್ಕದ ಎರಡು ಬಡಾವಣೆಗಳನ್ನು ಹೋಲಿಸಿದರು. ಎರಡರಲ್ಲೂ ಬಡತನವಿತ್ತು, ಒಂಟಿ ಹಿರಿಯರಿದ್ದರು, ಬಿಸಿಲಂತೂ ಒಂದೇ. ಆದರೂ ಒಂದರ ಸಾವಿನ ಪ್ರಮಾಣ ಇನ್ನೊಂದಕ್ಕಿಂತ ಸುಮಾರು ಹತ್ತು ಪಟ್ಟು. ಕಡಿಮೆ ಸಾವಾದ ಕಡೆ ಬೀದಿ ತುಂಬ ಅಂಗಡಿಗಳಿದ್ದವು, ಫುಟ್‌ಪಾತ್ ಮೇಲೆ ಜನರಿದ್ದರು. ಮುದುಕರು ಮನೆಯಿಂದ ಹೊರಬಂದು ತಂಪಾದ ಅಂಗಡಿಯಲ್ಲಿ ಕೂತರು. ಕಾಣದಿದ್ದರೆ ಯಾರಾದರೂ ಹೋಗಿ ವಿಚಾರಿಸಿದರು. ಇನ್ನೊಂದು ಕಡೆ ಬೀದಿ ಬರಿದಾಗಿತ್ತು. ಹೆದರಿ ಬಾಗಿಲು ಹಾಕಿಕೊಂಡವರು ಒಳಗೇ ಉಳಿದರು.

ಊರು ಬದಲಿಸುವವರು ಇದಕ್ಕಿಂತ ಹೆಚ್ಚಾಗಿ ಗಮನಿಸಬೇಕಾದ ಪುರಾವೆ ಜಪಾನಿನದು. ಇವಾನುಮಾ ಎಂಬ ಪಟ್ಟಣದ ಹಿರಿಯರ ಸಾಮಾಜಿಕ ಬದುಕನ್ನು ಸಂಶೋಧಕರು 2010ರಲ್ಲಿ ದಾಖಲಿಸಿದ್ದರು. ಮರುವರ್ಷ ಸುನಾಮಿ ಬಂತು. ಮನೆ ಕಳೆದುಕೊಂಡವರಲ್ಲಿ ಕೆಲವರು ಒಬ್ಬೊಬ್ಬರಾಗಿ ಬೇರೆಡೆ ಹೋದರು, ಕೆಲವರು ನೆರೆಹೊರೆಯವರ ಗುಂಪಾಗಿಯೇ ಹೋದರು. 2013ರಲ್ಲಿ ಮತ್ತೆ ಮಾತಾಡಿಸಿದಾಗ ಗುಂಪಾಗಿ ಹೋದವರ ಒಡನಾಟ ಗಟ್ಟಿಯಾಗಿತ್ತು. ಒಬ್ಬೊಬ್ಬರೇ ಹೋದವರದು ಕುಗ್ಗಿತ್ತು. ಒಡನಾಟ ಕುಗ್ಗಿದರೆ ಆಗುವುದೇನು? 148 ಅಧ್ಯಯನಗಳ, ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು 2010ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ಗಟ್ಟಿ ಸಂಬಂಧಗಳಿರುವವರು ಬದುಕುಳಿಯುವ ಸಾಧ್ಯತೆ ಶೇ 50ರಷ್ಟು ಹೆಚ್ಚು ಎಂದು ಕಂಡುಬಂತು. ಜಪಾನಿನ ಪೊಲೀಸರ ಲೆಕ್ಕದಲ್ಲಿ 2024ರಲ್ಲಿ ಮನೆಯಲ್ಲಿ ಒಂಟಿಯಾಗಿ ಸತ್ತವರು 76,020. ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಮಂದಿ 65 ದಾಟಿದವರು. ಮಕ್ಕಳು ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇದ್ದು, ಅಪ್ಪ ಅಮ್ಮ ಗುರುತಿಲ್ಲದ ಲೇಔಟಿನ ಕೊನೆಯ ಮನೆಯಲ್ಲಿರುವ ಕನ್ನಡದ ಕುಟುಂಬಗಳು ಈ ಅಂಕಿಯನ್ನು ದೂರದ್ದೆಂದು ತಿಳಿಯಬಾರದು.

ಊರನ್ನು ಪರೀಕ್ಷಿಸುವ ಬಗೆ

ನಿವೃತ್ತಿಗೆ ಊರು ಹುಡುಕುವವರಲ್ಲಿ ನನ್ನ ಕೋರಿಕೆ ಇಷ್ಟು. ಮೊದಲು ಕೊಳ್ಳಬೇಡಿ, ಒಂದು ವರ್ಷ ಬಾಡಿಗೆಗೆ ಇರಿ. ಅದರಲ್ಲಿ ಒಂದು ಪೂರ್ತಿ ಬೇಸಿಗೆ, ಒಂದು ಪೂರ್ತಿ ಮಳೆಗಾಲ ಬರಲಿ. ನಲ್ಲಿ ನೀರು ದಿನಬಿಟ್ಟು ದಿನ ಬರುತ್ತದೋ ವಾರಕ್ಕೊಮ್ಮೆಯೋ ಆಗ ತಿಳಿಯುತ್ತದೆ. ಮನೆ ನೋಡಲು ಹೋಗುವಾಗ ನಿಮ್ಮ ಊರಿನ ಎಂಬತ್ತು ದಾಟಿದವರೊಬ್ಬರನ್ನು ಕರೆದುಕೊಂಡು ಹೋಗಿ. ಅವರು ಮನೆಯ ಬಾಗಿಲಿನಿಂದ ಹಾಲಿನ ಬೂತು, ಔಷಧಿ ಅಂಗಡಿ, ಬಸ್ ನಿಲ್ದಾಣದವರೆಗೆ ನಡೆಯಲಿ. ಎಲ್ಲಿ ನಿಲ್ಲುತ್ತಾರೆ, ಎಲ್ಲಿ ನಿಮ್ಮ ಕೈ ಹಿಡಿಯುತ್ತಾರೆ, ಎಲ್ಲಿ ಕೂರಲು ಕಟ್ಟೆ ಹುಡುಕುತ್ತಾರೆ ಎಂದು ಗಮನಿಸಿ. ಅವರಿಗೆ ನಡೆಯಲಾಗದ ಕಡೆ ನಿಮಗೂ ಮುಂದೆ ನಡೆಯಲಾಗುವುದಿಲ್ಲ. ಕತ್ತಲಾದ ಮೇಲೆ ಇನ್ನೊಮ್ಮೆ ಅದೇ ದಾರಿ ನೋಡಿ.

ರಾತ್ರಿ ಹೊತ್ತು ತುರ್ತು ಚಿಕಿತ್ಸೆ, ಸ್ಕ್ಯಾನ್ ಇರುವ ಆಸ್ಪತ್ರೆಗೆ ವಾಹನದಲ್ಲಿ ಹೋಗಿ ನಿಮಿಷ ಎಣಿಸಿ. 70 ದಾಟಿದವರಿಗೆಲ್ಲ ವರ್ಷಕ್ಕೆ ಕುಟುಂಬಕ್ಕೆ ಐದು ಲಕ್ಷ ರೂಪಾಯಿವರೆಗಿನ ಆಯುಷ್ಮಾನ್ ಸೌಲಭ್ಯವನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಶುರುಮಾಡಿತು. ಆ ಕಾರ್ಡು ನಡೆಯುವ ಆಸ್ಪತ್ರೆ ನೀವು ಆರಿಸಿದ ಊರಿನಲ್ಲಿದೆಯೇ ಎಂದು ವಿಚಾರಿಸಿ. ನೆಲಮಹಡಿ ಅಥವಾ ಲಿಫ್ಟ್ ಇರುವ ಮನೆ ಮಾತ್ರ ನೋಡಿ. ಸಾಧ್ಯವಾದರೆ ಇಬ್ಬರು ಮೂವರು ಗೆಳೆಯರ ಕುಟುಂಬ ಒಂದೇ ಬೀದಿಗೆ ಬನ್ನಿ. ಇವಾನುಮಾದ ಪಾಠ ಅದೇ. ಇಷ್ಟನ್ನೂ ಗಂಡ ಹೆಂಡತಿ ಒಟ್ಟಿಗೆ ನೋಡಿ, ಹೆಂಡತಿ ಒಪ್ಪದ ಮನೆ ಬೇಡ. ಮನೆಯನ್ನು ಮಕ್ಕಳ ಹೆಸರಿಗೆ ಬರೆದುಕೊಡುವುದಾದರೆ, ನಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ದಾನಪತ್ರದಲ್ಲೇ ಬರೆಸಿ. ಅದನ್ನು ಮುರಿದರೆ ಪತ್ರ ರದ್ದು ಮಾಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮು ದಾರಿ ಕೊಡುತ್ತದೆ. ತೊಂದರೆಯಲ್ಲಿರುವ ಹಿರಿಯರಿಗೆ ರಾಷ್ಟ್ರೀಯ ಸಹಾಯವಾಣಿ 14567 ಇದೆ. ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿ.

ಊರು ಮಾಡಬೇಕಾದದ್ದು

ಇಷ್ಟೆಲ್ಲ ಎಚ್ಚರ ವಹಿಸಿದರೂ ಒಂದು ಕುಟುಂಬ ತನ್ನ ಗೇಟಿನವರೆಗೆ ಮಾತ್ರ ಸರಿಮಾಡಿಕೊಳ್ಳಬಹುದು. ಗೇಟಿನಾಚೆಯದು ಊರಿನ ಕೆಲಸ. ಸಿಂಗಪುರದಲ್ಲಿ 2009ರಿಂದ ಹಿರಿಯರು ತಮ್ಮ ಕಾರ್ಡನ್ನು ಸಿಗ್ನಲ್ ಕಂಬಕ್ಕೆ ತೋರಿಸಿದರೆ ಹಸಿರು ದೀಪ ಕೆಲವು ಸೆಕೆಂಡ್ ಹೆಚ್ಚು ಉರಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನ 33 ನಗರಗಳ ಹಿರಿಯರನ್ನು ಕೇಳಿ 2007ರಲ್ಲೇ ವಯೋಸ್ನೇಹಿ ನಗರದ ಮಾರ್ಗದರ್ಶಿ ಮಾಡಿತು. ದೆಹಲಿ, ಉದಯಪುರದ ಹಿರಿಯರೂ ಅದರಲ್ಲಿ ಮಾತಾಡಿದ್ದರು. ಅವರು ಕೇಳಿದ್ದು ನೆರಳು, ಕೂರಲು ಬೆಂಚು, ಶುಚಿಯಾದ ಶೌಚಾಲಯ, ಸಮತಟ್ಟಾದ ದಾರಿ, ಹತ್ತಲು ಆಗುವ ಬಸ್ಸು. ನಮ್ಮಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಬೇಕಿಲ್ಲ. ಅಜ್ಜಿಯ ಮೊಣಕಾಲು ಆ ಬಸ್ಸಿನ ಮೊದಲ ಮೆಟ್ಟಿಲಿಗೆ ಎಟಕುವಂತೆಯೂ ಮಾಡಿದರೆ ಆ ಸೌಲಭ್ಯ ಅವಳಿಗೆ ಪೂರ್ತಿ ದಕ್ಕುತ್ತದೆ.

ಮೈಸೂರಿಗೆ ಇದು ಹೊಸ ಕೆಲಸವಲ್ಲ. ಪ್ಲೇಗಿನ ಪೆಟ್ಟು ತಿಂದ ಕಾಲದಲ್ಲಿ ಈ ಊರು 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಕಟ್ಟಿ, ಗಾಳಿ ಬೆಳಕು ಆಡುವ ಬಡಾವಣೆಗಳನ್ನೂ ಅಗಲ ರಸ್ತೆಗಳನ್ನೂ ಮಾಡಿಕೊಂಡಿತು. ಜನರ ಆರೋಗ್ಯಕ್ಕಾಗಿ ತನ್ನ ನಕ್ಷೆಯನ್ನೇ ತಿದ್ದಿಕೊಂಡ ಊರು ಇದು. ಆಗ ಕಾಯಿಲೆ ಮನೆಬಾಗಿಲಿಗೆ ಬಂದಿತ್ತು. ಈಗ ಬರುತ್ತಿರುವುದರ ಎಣಿಕೆ ಇಪ್ಪತ್ತೈದು ವರ್ಷ ಮುಂಚೆಯೇ ನಮ್ಮ ಕೈಗೆ ಸಿಕ್ಕಿದೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಗತಿ ನಮಗೆ ಬರಬೇಕಾಗಿಲ್ಲ.

ಮಾವನ ಮನೆಯಲ್ಲಿ ಆಮೇಲೆ ಒಂದು ಬದಲಾವಣೆ ಮಾಡಿದೆವು. ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದ ಹುಡುಗ ಹುಡುಗಿ ಸಂತೋಷದಿಂದಲೇ ಮೇಲಕ್ಕೆ ಹೋದರು. ಮಾವ ಅತ್ತೆ ಕೆಳಗೆ ಬಂದರು. ಬಚ್ಚಲಿಗೆ ಹಿಡಿಕೆ ಹಾಕಿಸಿದೆವು, ಹೊಸ್ತಿಲು ತಗ್ಗಿಸಿದೆವು. ಈಗ ಅವರು ದಿನವೂ ಹೊರಗೆ ಬರುತ್ತಾರೆ. ಗೇಟಿನ ಬಳಿ ಕುರ್ಚಿ ಹಾಕಿಕೊಂಡು, ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಾರೆ. ಹದಿನೆಂಟು ಮೆಟ್ಟಿಲಿನ ಕಷ್ಟ ಮನೆಯವರೇ ಸೇರಿ ಕಳೆದೆವು. ಸಿಗ್ನಲ್‌ನ ದೀಪ ಮಾತ್ರ ಇವತ್ತಿಗೂ 12 ಸೆಕೆಂಡ್ ಉರಿದು ಆರುತ್ತದೆ. ಮಿಕ್ಕ ಆ ಒಂಬತ್ತು ಸೆಕೆಂಡ್ ಕೊಡುವುದು ನಮ್ಮ ಮನೆಯವರ ಕೈಯಲ್ಲಿಲ್ಲ, ಊರಿನ ಕೈಯಲ್ಲಿದೆ.